ಲಿಥಿಯಂ ಮಾತ್ರೆ ಮಿದುಳಿನ ಸೆರಟೋನಿನ್ ಹೆಚ್ಚಿಸುತ್ತದೆಯೇ? ಹಾಗಿದ್ದರೆ ಥೈರಾಯ್ಡ್ ಪರೀಕ್ಷೆ ಏಕೆ?

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಬೈಪೋಲಾರ್ ಕಾಯಿಲೆಯಿದ್ದು, ಕೆಲವು ವರ್ಷಗಳಿಂದ ಲಿಥಿಯಂ ಕಾರ್ಬೊನೇಟ್ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ. ಈಗ ಆರೋಗ್ಯವಾಗಿದ್ದಾನೆ, ಅಡಿಕೆ ಕೊನೆ ಕೊಯ್ಲಿನ ಲೆಕ್ಕದಿಂದ ಹಿಡಿದು ಸೊಸೈಟಿಯ ವ್ಯವಹಾರದವರೆಗೆ ಎಲ್ಲವನ್ನೂ ಅವನೇ ನೋಡಿಕೊಳ್ಳುತ್ತಾನೆ. ಆದ್ದರಿಂದ ಮಾತ್ರೆಯ ಮೇಲೆ ದೂರು ಹೇಳಲು ಬರೆಯುತ್ತಿಲ್ಲ, ಅರ್ಥವಾಗದ ಕೆಲವು ಸಂಗತಿಗಳನ್ನು ತಿಳಿದವರಲ್ಲಿ ಕೇಳಲು ಬರೆಯುತ್ತಿದ್ದೇನೆ.

ಈ ಮಾತ್ರೆ ಮಿದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಸೆರಟೋನಿನ್ ಹೆಚ್ಚಿಸುತ್ತದೆ ಎಂದು ನಮ್ಮ ನೆಂಟರೊಬ್ಬರು ಹೇಳುತ್ತಾರೆ. ಖಿನ್ನತೆಯಲ್ಲಿ ಸೆರಟೋನಿನ್ ಕಡಿಮೆಯಿರುತ್ತದೆ ಎಂಬ ಮಾತನ್ನು ನಾನೂ ಓದಿದ್ದೇನೆ. ಹಾಗಾದರೆ ಅದನ್ನು ಹೆಚ್ಚಿಸುವ ಮಾತ್ರೆ ಉನ್ಮಾದದ ಸಮಯದಲ್ಲಿ ಮನಸ್ಸನ್ನು ಇನ್ನಷ್ಟು ಮೇಲಕ್ಕೆ ಎಬ್ಬಿಸಬೇಕಿತ್ತಲ್ಲವೇ? ಇದು ಎರಡೂ ಕಡೆ ಹೇಗೆ ಕೆಲಸ ಮಾಡುತ್ತದೆ? ಎರಡನೆಯದಾಗಿ, ಹುಬ್ಬಳ್ಳಿಯ ವೈದ್ಯರು ಆರು ತಿಂಗಳಿಗೊಮ್ಮೆ ಲಿಥಿಯಂ ಮಟ್ಟದ ಜೊತೆಗೆ ಥೈರಾಯ್ಡ್ ಸರಿಯಿದೆಯೇ ಎಂದು ನೋಡುವ ಟಿಎಸ್‌ಎಚ್, ಕ್ಯಾಲ್ಸಿಯಂ, ಮೂತ್ರಪಿಂಡದ ಕೆಲಸ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಗಳನ್ನೂ ಬರೆದುಕೊಡುತ್ತಾರೆ. ಮನಸ್ಸಿನ ಕಾಯಿಲೆಯ ಔಷಧಕ್ಕೂ ಕುತ್ತಿಗೆಯ ಗ್ರಂಥಿಗೂ ಏನು ಸಂಬಂಧ? ಮೂರನೆಯದಾಗಿ, ಪಟ್ಟಣದ ಪ್ರಯೋಗಾಲಯವೊಂದರವರು ತಮ್ಮ ಪ್ಯಾಕೇಜಿನಲ್ಲಿ ರಕ್ತದ ಸೆರಟೋನಿನ್ ಪರೀಕ್ಷೆಯೂ ಇದೆ, ಅದನ್ನು ಮಾಡಿಸಿದರೆ ಔಷಧ ಮಿದುಳಿಗೆ ತಾಗುತ್ತಿದೆಯೋ ಇಲ್ಲವೋ ತಿಳಿಯುತ್ತದೆ ಎಂದರು. ಹಣ ಕೊಟ್ಟು ಮಾಡಿಸುವುದು ಸರಿಯೇ?

ಅಘನಾಶಿನಿ, ಕುಮಟಾ

ತೋಟದಮನೆಯವರೇ, ನಾನು ವೈದ್ಯಳಲ್ಲ. ಔಷಧ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿರುವವಳು. ನಿಮ್ಮ ತಮ್ಮನ ಮಾತ್ರೆಯ ಪ್ರಮಾಣದ ವಿಚಾರವನ್ನು ಅವರ ವೈದ್ಯರಿಗೇ ಬಿಟ್ಟು, ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನಷ್ಟೇ ಬರೆಯುತ್ತೇನೆ.

ಮೂರನೆಯ ಪ್ರಶ್ನೆ ಸುಲಭವಾದ್ದರಿಂದ ಅದನ್ನು ಮೊದಲು ಮುಗಿಸೋಣ. ಆ ಪರೀಕ್ಷೆ ಬೇಡ. ದೇಹದಲ್ಲಿರುವ ಸೆರಟೋನಿನ್ನಿನ ಶೇಕಡಾ 90ಕ್ಕೂ ಹೆಚ್ಚು ಪಾಲು ಕರುಳಿನಲ್ಲಿ ತಯಾರಾಗುತ್ತದೆ, ರಕ್ತದಲ್ಲಿ ಕಾಣುವುದು ಬಹುಪಾಲು ಪ್ಲೇಟ್‌ಲೆಟ್ ಕಣಗಳೊಳಗೆ ಸೇರಿಕೊಂಡಿರುವ ಅದೇ ಕರುಳಿನ ಸೆರಟೋನಿನ್. ರಕ್ತ ಮತ್ತು ಮಿದುಳಿನ ನಡುವೆ ಇರುವ ತಡೆಯನ್ನು ಸೆರಟೋನಿನ್ ದಾಟಲಾರದು. ಮಿದುಳು ತನಗೆ ಬೇಕಾದುದನ್ನು ಟ್ರಿಪ್ಟೊಫ್ಯಾನ್ ಎಂಬ ಅಮೈನೋ ಆಮ್ಲದಿಂದ ತಾನೇ ಮಾಡಿಕೊಳ್ಳುತ್ತದೆ. ರಕ್ತದ ಸೆರಟೋನಿನ್ ಪರೀಕ್ಷೆ ಕರುಳಿನ ಕೆಲವು ಅಪರೂಪದ ಗಡ್ಡೆಗಳನ್ನು ಪತ್ತೆ ಹಚ್ಚಲು ಉಪಯೋಗಕ್ಕೆ ಬರುತ್ತದೆ. ಮನಸ್ಸಿನ ಸ್ಥಿತಿಯ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಪ್ಯಾಕೇಜಿನಲ್ಲಿ ಸೇರಿಸಿ ಮಾರುವವರಿಗೆ ಇದು ತಿಳಿಯದ ವಿಷಯವೆಂದು ನಾನು ನಂಬುವುದಿಲ್ಲ.

ಹಾಗಾದರೆ ಲಿಥಿಯಂ ಮಿದುಳಿನ ಸೆರಟೋನಿನ್ನಿಗೆ ಏನು ಮಾಡುತ್ತದೆ ಎಂಬುದನ್ನು ಜೀವಂತ ಮನುಷ್ಯರಲ್ಲಿ ಕಂಡುಹಿಡಿದದ್ದು ಹೇಗೆ? ಇಲ್ಲಿಯೇ ನಿಮ್ಮ ಎರಡನೆಯ ಪ್ರಶ್ನೆಗೆ ಹತ್ತಿರವಾದ ಹಾರ್ಮೋನುಗಳು ಬರುತ್ತವೆ, ಮತ್ತು ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವೂ ಇದೇ. ಮಿದುಳಿನ ಕಾಂಡದಲ್ಲಿರುವ ರಾಫೆ ಎಂಬ ನರಕೋಶಗಳ ಗುಂಪಿನಿಂದ ಸೆರಟೋನಿನ್ ಎಳೆಗಳು ಹೈಪೊಥಲಾಮಸ್‌ಗೆ ಹೋಗುತ್ತವೆ. ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಯನ್ನು ನಿಯಂತ್ರಿಸುತ್ತದೆ. ಪಿಟ್ಯುಟರಿ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ, ಎಸಿಟಿಎಚ್ ಎಂಬ ಇನ್ನೊಂದು ಹಾರ್ಮೋನಿನ ಮೂಲಕ ಮೂತ್ರಪಿಂಡದ ಮೇಲಿನ ಅಡ್ರಿನಲ್ ಗ್ರಂಥಿಯಿಂದ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಬಿಡಿಸುತ್ತದೆ. ಪ್ರೊಲ್ಯಾಕ್ಟಿನ್ನನ್ನು ಡೋಪಮೈನ್ ಎಂಬ ಇನ್ನೊಂದು ಸಂದೇಶವಾಹಕ ಸದಾ ಹಿಡಿದು ನಿಲ್ಲಿಸಿರುತ್ತದೆ, ಸೆರಟೋನಿನ್ ಅದನ್ನು ಹೊರಡಿಸುತ್ತದೆ. ಹಾಗಾಗಿ ಒಬ್ಬರಿಗೆ ಟ್ರಿಪ್ಟೊಫ್ಯಾನನ್ನು ರಕ್ತನಾಳದ ಮೂಲಕ ಕೊಟ್ಟು, ಮುಂದಿನ ಕೆಲವು ಗಂಟೆಗಳಲ್ಲಿ ಪ್ರೊಲ್ಯಾಕ್ಟಿನ್ ಎಷ್ಟು ಏರಿತು ಎಂದು ಅಳೆದರೆ, ಮಿದುಳಿನ ಸೆರಟೋನಿನ್ ವ್ಯವಸ್ಥೆ ಎಷ್ಟು ಚುರುಕಾಗಿದೆ ಎಂಬುದನ್ನು ಪರೋಕ್ಷವಾಗಿ ತಿಳಿಯಬಹುದು. ತಲೆಬುರುಡೆಯೊಳಗೆ ಕೈಹಾಕದೆ ತೋಳಿನ ರಕ್ತದಿಂದ ಮಿದುಳಿನ ಸುದ್ದಿ ಪಡೆಯುವ ಈ ಉಪಾಯವನ್ನು 1980ರ ದಶಕದಲ್ಲಿ ಬಹಳ ಬಳಸಿದರು.

ಆಕ್ಸ್‌ಫರ್ಡಿನ ಸಂಶೋಧಕರು ಆರೋಗ್ಯವಂತ ಸ್ವಯಂಸೇವಕರಿಗೆ ಲಿಥಿಯಂ ಕೊಟ್ಟು ಈ ಪರೀಕ್ಷೆ ಮಾಡಿದಾಗ, ಅದೇ ಪ್ರಮಾಣದ ಟ್ರಿಪ್ಟೊಫ್ಯಾನಿಗೆ ಪ್ರೊಲ್ಯಾಕ್ಟಿನ್ ಮೊದಲಿಗಿಂತ ಹೆಚ್ಚು ಏರಿತು. ಟ್ರಿಪ್ಟೊಫ್ಯಾನಿಗೂ ಸೆರಟೋನಿನ್ನಿಗೂ ನಡುವಿನ ಹಂತವಾದ 5-ಎಚ್‌ಟಿಪಿಯನ್ನು ಕೊಟ್ಟು ಕಾರ್ಟಿಸಾಲ್ ಅಳೆದ ಅಮೆರಿಕದ ಪ್ರಯೋಗದಲ್ಲಿಯೂ ಲಿಥಿಯಂ ತೆಗೆದುಕೊಳ್ಳುತ್ತಿದ್ದ ರೋಗಿಗಳಲ್ಲಿ ಏರಿಕೆ ಹೆಚ್ಚಾಗಿತ್ತು. ಇಲಿಗಳಲ್ಲಿ ನಡೆದ ಪ್ರಯೋಗಗಳು ಇದಕ್ಕೆ ಹೊಂದುತ್ತವೆ: ಲಿಥಿಯಂ ಕೊಟ್ಟಾಗ ಸೆರಟೋನಿನ್ ನರಗಳನ್ನು ಪ್ರಚೋದಿಸಿದರೆ ಅವುಗಳ ಪರಿಣಾಮ ಹೆಚ್ಚುತ್ತದೆ. ಸಾಮಾನ್ಯವಾಗಿ ಈ ನರತುದಿಗಳಲ್ಲಿ ಇಷ್ಟು ಸಾಕು ಎಂದು ಹೇಳಿ ಬಿಡುಗಡೆಯನ್ನು ತಡೆಯುವ ಗ್ರಾಹಕಗಳು, ಅಂದರೆ ಸಂದೇಶವಾಹಕ ಬಂದು ತಾಗುವ ಪ್ರೋಟೀನುಗಳು, ಇರುತ್ತವೆ, ಲಿಥಿಯಂ ಆ ತಡೆಯನ್ನು ಸಡಿಲಗೊಳಿಸುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಟ್ರಿಪ್ಟೊಫ್ಯಾನ್ ಕೊಡದೆ ಸುಮ್ಮನೆ ಅಳೆದರೆ ಲಿಥಿಯಂ ತೆಗೆದುಕೊಳ್ಳುವವರ ಪ್ರೊಲ್ಯಾಕ್ಟಿನ್ ಹೆಚ್ಚೇನೂ ಬದಲಾಗಿರುವುದಿಲ್ಲ. ತೋಟದವರಿಗೆ ಇದು ಬೇಗ ತಿಳಿದೀತು: ಕೆರೆಯಲ್ಲಿ ನೀರು ಎಷ್ಟೇ ಇರಲಿ, ಯಾವ ಕಾಲುವೆಯ ಕಂಡಿ ಎಷ್ಟು ತೆರೆದಿದೆ ಎಂಬುದರ ಮೇಲೆ ಮರದ ಬುಡಕ್ಕೆ ನೀರು ಬರುತ್ತದೆ. ಲಿಥಿಯಂ ಕೆರೆ ತುಂಬಿಸುವ ಔಷಧವಲ್ಲ, ಕಂಡಿಗಳ ಮೇಲೆ ಕೈಯಾಡಿಸುವ ಔಷಧ. ನಿಮ್ಮ ನೆಂಟರ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದರಿಂದ ಏನನ್ನೂ ವಿವರಿಸಲು ಆಗುವುದಿಲ್ಲ.

ನಿವೃತ್ತ ಮೇಷ್ಟ್ರು, ಶಿರಸಿ

ಅಘನಾಶಿನಿಯವರ ಬರಹ ಓದಿ ಸಂತೋಷವಾಯಿತು. ರಸಾಯನಶಾಸ್ತ್ರ ಕಲಿಸಿದವನಾಗಿ ನನ್ನದೊಂದು ಸಂದೇಹವಿದೆ. ಲಿಥಿಯಂ ಎಂದರೆ ಆವರ್ತ ಕೋಷ್ಟಕದ ಮೂರನೆಯ ಮೂಲವಸ್ತು, 1817ರಲ್ಲಿ ಸ್ವೀಡನ್ನಿನ ಆರ್ಫ್‌ವೆಡ್‌ಸನ್ ಪೆಟಲೈಟ್ ಎಂಬ ಖನಿಜದಲ್ಲಿ ಕಂಡುಹಿಡಿದದ್ದು. ಉಳಿದ ಔಷಧಗಳಿಗೆಲ್ಲ ಒಂದು ದೊಡ್ಡ ಅಣುವಿನ ಆಕಾರವಿರುತ್ತದೆ, ಅದು ಇಂಥ ಗ್ರಾಹಕಕ್ಕೆ ಹೊಂದಿಕೊಳ್ಳುತ್ತದೆ ಎಂದು ಹೇಳಬಹುದು. ಬರಿಯ ಅಯಾನಿಗೆ ಆಕಾರವೆಲ್ಲಿಂದ ಬಂತು? ಸೆರಟೋನಿನ್ ಗ್ರಾಹಕವನ್ನು ಅದು ಗುರುತಿಸುವುದಾದರೂ ಹೇಗೆ?

ಇದರ ಇತಿಹಾಸವೂ ವಿಚಿತ್ರವಾದದ್ದೇ. ಆಸ್ಟ್ರೇಲಿಯಾದ ಜಾನ್ ಕೇಡ್ ಗಿನಿಯಿಲಿಗಳ ಮೇಲೆ ಯೂರಿಕ್ ಆಮ್ಲದ ಪ್ರಯೋಗ ನಡೆಸುವಾಗ, ಅದನ್ನು ಕರಗಿಸಲು ಸುಲಭವೆಂದು ಲಿಥಿಯಂ ಲವಣವನ್ನು ಬಳಸಿದರು. ಪ್ರಾಣಿಗಳು ಮಂಕಾದದ್ದನ್ನು ನೋಡಿ ಉನ್ಮಾದದ ರೋಗಿಗಳಿಗೆ ಕೊಟ್ಟು, 1949ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅದೇ ವರ್ಷ ಅಮೆರಿಕದಲ್ಲಿ ಹೃದ್ರೋಗಿಗಳಿಗೆ ಅಡುಗೆ ಉಪ್ಪಿನ ಬದಲಿಗೆಂದು ಮಾರುತ್ತಿದ್ದ ಲಿಥಿಯಂ ಕ್ಲೋರೈಡ್ ಜೀವಗಳನ್ನು ತೆಗೆದು ನಿಷೇಧಕ್ಕೆ ಒಳಗಾಯಿತು. ಅಲ್ಲಿ ಉನ್ಮಾದಕ್ಕೆ ಈ ಔಷಧಕ್ಕೆ ಅನುಮತಿ ಸಿಗಲು 1970 ಬರಬೇಕಾಯಿತು. ನಡುವಿನ ವರ್ಷಗಳಲ್ಲಿ ಡೆನ್ಮಾರ್ಕಿನ ಮೊಗೆನ್ಸ್ ಶೌ ಹಠ ಹಿಡಿದು ಕೆಲಸ ಮಾಡದಿದ್ದರೆ ತೋಟದಮನೆಯವರ ತಮ್ಮನಿಗೆ ಈ ಮಾತ್ರೆ ಸಿಗುತ್ತಿತ್ತೋ ಇಲ್ಲವೋ.

ಅಘನಾಶಿನಿ, ಕುಮಟಾ

ಮೇಷ್ಟ್ರೇ, ಅದು ಗ್ರಾಹಕವನ್ನು ಗುರುತಿಸುವುದೇ ಇಲ್ಲ. ಗ್ರಾಹಕ ಕೋಶದ ಹೊರಮೈಯಲ್ಲಿದೆ, ಲಿಥಿಯಂ ಕೋಶದ ಒಳಗೆ ಹೋಗಿ ಕೆಲಸ ಮಾಡುತ್ತದೆ. ಅಯಾನಿಗೆ ಆಕಾರವಿಲ್ಲದಿದ್ದರೂ ಗಾತ್ರವಿದೆ, ಅದು ಮೆಗ್ನೀಷಿಯಂ ಅಯಾನಿನ ಗಾತ್ರಕ್ಕೆ ತೀರ ಹತ್ತಿರ. ಮೆಗ್ನೀಷಿಯಂ ಕುಳಿತರೆ ಮಾತ್ರ ಕೆಲಸ ಮಾಡುವ ಕೆಲವು ಕಿಣ್ವಗಳಿವೆ. ಲಿಥಿಯಂ ಅವುಗಳಲ್ಲಿ ಆ ಜಾಗಕ್ಕೆ ನುಗ್ಗುತ್ತದೆ ಅಥವಾ ಆ ಕ್ರಿಯೆಗೆ ಅಡ್ಡ ಬರುತ್ತದೆ. ಇವುಗಳಲ್ಲಿ ಎರಡು ಮುಖ್ಯ. ಒಂದು ಇನೊಸಿಟಾಲ್ ಮಾನೊಫಾಸ್ಫಟೇಸ್, ಇನ್ನೊಂದು 1996ರಲ್ಲಿ ಗೊತ್ತಾದ ಜಿಎಸ್‌ಕೆ-3.

ಮೊದಲನೆಯದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಎರಡೂ ಕಡೆ ಹೇಗೆ ಕೆಲಸ ಮಾಡುತ್ತದೆ ಎಂಬ ತೋಟದಮನೆಯವರ ಪ್ರಶ್ನೆಗೆ ಸಿಗುವ ಅತಿ ಸೊಗಸಾದ ಉತ್ತರ ಇದರಲ್ಲಿದೆ. ಸೆರಟೋನಿನ್ನಾಗಲಿ ಬೇರೆ ಯಾವುದೇ ಸಂದೇಶವಾಹಕವಾಗಲಿ ಹೊರಗಿನ ಗ್ರಾಹಕವನ್ನು ತಟ್ಟಿದಾಗ, ಅನೇಕ ಕೋಶಗಳಲ್ಲಿ ಪೊರೆಯ ಒಂದು ಕೊಬ್ಬು ಒಡೆದು ಇನೊಸಿಟಾಲ್ ಫಾಸ್ಫೇಟ್ ಬಿಡುಗಡೆಯಾಗುತ್ತದೆ, ಅದು ಕ್ಯಾಲ್ಸಿಯಂ ಅನ್ನು ಹೊರಡಿಸಿ ಸಂದೇಶವನ್ನು ಮುಂದಕ್ಕೆ ಒಯ್ಯುತ್ತದೆ. ಕೆಲಸ ಮುಗಿದ ಇನೊಸಿಟಾಲ್ ಮತ್ತೆ ಪೊರೆಗೆ ಸೇರಬೇಕಾದರೆ ಮೇಲೆ ಹೇಳಿದ ಕಿಣ್ವ ಬೇಕು, ಲಿಥಿಯಂ ಅದನ್ನು ತಡೆಯುತ್ತದೆ. ರಕ್ತದಿಂದ ಮಿದುಳಿಗೆ ಹೊಸ ಇನೊಸಿಟಾಲ್ ಬರುವುದು ಕಷ್ಟ. ಹಾಗಾಗಿ ಅತಿಯಾಗಿ ಸಂದೇಶ ಕಳಿಸುತ್ತಿರುವ ಕೋಶದಲ್ಲಿ ಅದು ಬೇಗ ಬರಿದಾಗುತ್ತದೆ, ಮಿತವಾಗಿ ಕೆಲಸ ಮಾಡುತ್ತಿರುವ ಕೋಶಕ್ಕೆ ಹೆಚ್ಚಿನ ತೊಂದರೆಯಾಗುವುದಿಲ್ಲ. ಎಲ್ಲಿ ಅತಿಯಿದೆಯೋ ಅಲ್ಲಿ ಮಾತ್ರ ತಗ್ಗಿಸುವ ಔಷಧ ಉನ್ಮಾದದ ಏರಿಕೆಗೂ ಖಿನ್ನತೆಯ ಇಳಿತಕ್ಕೂ ಉಪಯೋಗಕ್ಕೆ ಬರುವುದು ಸಹಜವೆಂದು ಬ್ರಿಟನ್ನಿನ ಮೈಕೆಲ್ ಬೆರಿಜ್ 1980ರ ದಶಕದಲ್ಲಿ ವಾದಿಸಿದರು. ಇದು ಇಂದಿಗೂ ಒಂದು ವಾದವೇ, ಜಿಎಸ್‌ಕೆ-3ರ ಪಕ್ಷದವರು ಪೂರ್ತಿ ಒಪ್ಪುವುದಿಲ್ಲ. ನನ್ನ ಒಲವು ಎರಡೂ ಒಟ್ಟಿಗೆ ನಡೆಯುತ್ತವೆ ಎನ್ನುವ ಕಡೆಗೆ.

ಈಗ ಥೈರಾಯ್ಡಿನ ವಿಷಯ. ಹಾರ್ಮೋನು ಬಿಡುವ ಕೋಶಗಳೂ ಹೊರಗಿನ ಆಜ್ಞೆಯನ್ನು ಒಳಕ್ಕೆ ತಲುಪಿಸಲು ಇಂಥವೇ ಒಳದಾರಿಗಳನ್ನು ಬಳಸುತ್ತವೆ. ನರಕೋಶದ ಒಳಗೆ ಕೆಲಸ ಮಾಡುವ ಅಯಾನು ಗ್ರಂಥಿಯ ಕೋಶವನ್ನು ಬಿಟ್ಟುಬಿಡುವುದಿಲ್ಲ. ಥೈರಾಯ್ಡ್ ಗ್ರಂಥಿಯಂತೂ ಲಿಥಿಯಂ ಅನ್ನು ರಕ್ತದಲ್ಲಿರುವುದಕ್ಕಿಂತ ಹೆಚ್ಚಿನ ಮಟ್ಟದಲ್ಲಿ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ತಯಾರಾದ ಹಾರ್ಮೋನನ್ನು ಅದು ಒಂದು ಪ್ರೋಟೀನಿನೊಡನೆ ಕೂಡಿಟ್ಟುಕೊಂಡು, ಪಿಟ್ಯುಟರಿಯಿಂದ ಟಿಎಸ್‌ಎಚ್ ಬಂದಾಗ ಬಿಡುತ್ತದೆ. ಲಿಥಿಯಂ ಮುಖ್ಯವಾಗಿ ಈ ಬಿಡುಗಡೆಯನ್ನೇ ತಡೆಯುತ್ತದೆ. ರಕ್ತದಲ್ಲಿ ಹಾರ್ಮೋನು ಕಡಿಮೆಯಾದಾಗ ಪಿಟ್ಯುಟರಿ ಇನ್ನಷ್ಟು ಟಿಎಸ್‌ಎಚ್ ಕಳಿಸುತ್ತದೆ, ಗ್ರಂಥಿ ಊದಿಕೊಳ್ಳುತ್ತದೆ, ಕೆಲವರಿಗೆ ಗಳಗಂಡ ಕಾಣಿಸಿಕೊಳ್ಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಇದು ಹೆಚ್ಚು. ಥೈರಾಯ್ಡ್ ಕುಗ್ಗಿದರೆ ಆಲಸ್ಯ, ತೂಕ ಏರಿಕೆ, ಮಂಕು ಬರುತ್ತವೆ. ಮನೆಯವರು ಅದನ್ನು ಖಿನ್ನತೆ ಮರಳಿತೆಂದು ತಿಳಿಯುತ್ತಾರೆ, ಔಷಧ ಹೆಚ್ಚಿಸಲು ಓಡುತ್ತಾರೆ. ಇದನ್ನು ತಪ್ಪಿಸುವುದಕ್ಕೇ ಆ ಟಿಎಸ್‌ಎಚ್ ಪರೀಕ್ಷೆ. ಏರುಪೇರಾದರೆ ಬಹುತೇಕ ಥೈರಾಕ್ಸಿನ್ ಮಾತ್ರೆ ಸೇರಿಸಿ ಲಿಥಿಯಂ ಅನ್ನು ಮುಂದುವರಿಸುತ್ತಾರೆ.

ಕ್ಯಾಲ್ಸಿಯಂ ಪರೀಕ್ಷೆಯ ಕಾರಣವೂ ಇದೇ ಬಗೆಯದು. ರಕ್ತದಲ್ಲಿ ಕ್ಯಾಲ್ಸಿಯಂ ಸಾಕಷ್ಟಿದೆ ಎಂಬುದನ್ನು ಪ್ಯಾರಾಥೈರಾಯ್ಡ್ ಗ್ರಂಥಿಗೆ ತಿಳಿಸುವ ಗ್ರಾಹಕ ಲಿಥಿಯಂ ಇದ್ದಾಗ ಸ್ವಲ್ಪ ಮಂದವಾಗುತ್ತದೆ. ಗ್ರಂಥಿ ಬೇಡದಿದ್ದರೂ ಹಾರ್ಮೋನು ಬಿಡುತ್ತದೆ, ಕ್ಯಾಲ್ಸಿಯಂ ಏರುತ್ತದೆ.

ಓದುಗ, ಸಿದ್ದಾಪುರ

ಚರ್ಚೆ ಚೆನ್ನಾಗಿದೆ, ಆದರೆ ಬುಡವನ್ನೇ ಪ್ರಶ್ನಿಸಬೇಕೆನಿಸುತ್ತದೆ. ಖಿನ್ನತೆಗೆ ಸೆರಟೋನಿನ್ ಕೊರತೆಯೇ ಕಾರಣ ಎಂಬುದಕ್ಕೆ ಪುರಾವೆ ಸಾಲದು ಎಂದು ಲಂಡನ್ನಿನ ಜೊಆನಾ ಮಾನ್‌ಕ್ರೀಫ್ ಮತ್ತು ಸಂಗಡಿಗರು 2022ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಪರಿಶೀಲಿಸಿ ಬರೆದರಲ್ಲ? ಆ ಸಿದ್ಧಾಂತವೇ ನಿಲ್ಲದಿರುವಾಗ ಲಿಥಿಯಂ ಸೆರಟೋನಿನ್ ಹೆಚ್ಚಿಸುತ್ತದೋ ಬಿಡುತ್ತದೋ ಎಂಬ ವಿಚಾರಕ್ಕೆ ಬೆಲೆಯೇನು? ಔಷಧ ಕಂಪನಿಗಳು ಹಬ್ಬಿಸಿದ ಕತೆಯನ್ನು ನಾವು ಇಲ್ಲಿ ಮತ್ತೆ ಬೆಳೆಸುತ್ತಿಲ್ಲವೇ?

ಅಘನಾಶಿನಿ, ಕುಮಟಾ

ಸಿದ್ದಾಪುರದವರೇ, ಆ ಪರಿಶೀಲನೆಯ ಮೇಲೆ ಪರ ವಿರೋಧ ಎರಡೂ ಬಂದಿವೆ. ಆದರೆ ಅದರ ಮುಖ್ಯ ಮಾತನ್ನು ನಾನು ಒಪ್ಪುತ್ತೇನೆ. ಕೊರತೆಯ ಕತೆ ತೀರ ಸರಳವಾಗಿತ್ತು, ಅದನ್ನು ಜಾಹೀರಾತಿನವರು ಇನ್ನೂ ಸರಳಗೊಳಿಸಿದರು. ಹಾಗಿದ್ದರೂ ಕಾಯಿಲೆ ಏತರಿಂದ ಬಂತು ಎಂಬುದು ಒಂದು ಪ್ರಶ್ನೆ, ಔಷಧ ಯಾವ ದಾರಿಯಲ್ಲಿ ಕೆಲಸ ಮಾಡುತ್ತದೆ ಎಂಬುದು ಇನ್ನೊಂದು. ಜ್ವರಕ್ಕೆ ಪ್ಯಾರಸಿಟಮಾಲ್ ಕೊಡುತ್ತೇವೆ ಎಂದಮಾತ್ರಕ್ಕೆ ಮಂಗನ ಕಾಯಿಲೆ ಪ್ಯಾರಸಿಟಮಾಲ್ ಕೊರತೆಯಿಂದ ಬರುತ್ತದೆ ಎಂದು ಸಿದ್ದಾಪುರದವರು ಯಾರೂ ಹೇಳಲಾರರು.

ಎರಡನೆಯ ಪ್ರಶ್ನೆಗೆ ಚಿಕಿತ್ಸೆಯ ದೃಷ್ಟಿಯಿಂದ ಬೆಲೆಯಿದೆ. ಕೆನಡಾದ ಕ್ಲಾಡ್ ದ ಮೊಂಟಿನ್ಯಿ ಇಲಿಗಳ ಸೆರಟೋನಿನ್ ನರಗಳ ಮೇಲಿನ ಪ್ರಯೋಗದಿಂದಲೇ ಹೊರಟು, ಖಿನ್ನತೆಯ ಮಾತ್ರೆಗಳಿಂದ ಗುಣ ಕಾಣದ ರೋಗಿಗಳಿಗೆ ಅದೇ ಮಾತ್ರೆಯ ಜೊತೆಗೆ ಲಿಥಿಯಂ ಸೇರಿಸಿ ನೋಡಿದರು. ಹಳೆಯ ಮಾತ್ರೆಯಿಂದ ಗ್ರಾಹಕಗಳು ಈಗಾಗಲೇ ಸೂಕ್ಷ್ಮವಾಗಿರುತ್ತವೆ, ಲಿಥಿಯಂ ಬಿಡುಗಡೆಯನ್ನು ಹೆಚ್ಚಿಸಿದರೆ ಎರಡೂ ಕೂಡಿ ಫಲ ಸಿಗಬಹುದು ಎಂಬುದು ಅವರ ಊಹೆಯಾಗಿತ್ತು. 1981ರಲ್ಲಿ ಪ್ರಕಟವಾದ ಆ ವರದಿಯಲ್ಲಿ ಕೆಲವೇ ರೋಗಿಗಳಿದ್ದರು, ಎರಡು ದಿನಗಳೊಳಗೆ ಚೇತರಿಕೆ ಕಂಡಿತೆಂದು ಬರೆದಿದ್ದರು. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿ ಅಷ್ಟು ಅವಸರದ ಫಲ ಕಾಣಲಿಲ್ಲ, ವಾರಗಳು ಬೇಕಾದವು. ಆದರೂ ವಿಧಾನ ಉಳಿಯಿತು, ಇಂದಿಗೂ ಬಳಕೆಯಲ್ಲಿದೆ. ಅಂಥ ರೋಗಿಗಳಲ್ಲಿ ಲಿಥಿಯಂ ಸೇರಿಸಿದ ಮೇಲೆ ಕಾರ್ಟಿಸಾಲ್ ವ್ಯವಸ್ಥೆಯ ಚಟುವಟಿಕೆ ಇಳಿಯುವ ಬದಲು ಏರಿತು ಎಂಬುದು ಮುಂದಿನ ಪರೀಕ್ಷೆಗಳಲ್ಲಿ ಕಂಡುಬಂತು. ಕಾರ್ಟಿಸಾಲ್ ಎಂದರೆ ಒತ್ತಡ, ಆದ್ದರಿಂದ ಕಡಿಮೆಯಾದಷ್ಟೂ ಒಳ್ಳೆಯದು ಎಂದು ನಂಬಿರುವವರಿಗೆ ಇದು ಇಕ್ಕಟ್ಟಿನ ಸಂಗತಿ.

ಔಷಧದಂಗಡಿ, ಹೊನ್ನಾವರ

ನಾನು ಫಾರ್ಮಸಿಸ್ಟ್. ಮೇಲಿನ ಚರ್ಚೆಯಲ್ಲಿ ಮೇಷ್ಟ್ರು ಉಪ್ಪಿನ ಮಾತು ಎತ್ತಿದ್ದರಿಂದ, ನಮ್ಮ ಕರಾವಳಿಯಲ್ಲಿ ಸೆರಟೋನಿನ್ನಿಗಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ ವಿಷಯವೊಂದನ್ನು ಸೇರಿಸುತ್ತೇನೆ.

ಲಿಥಿಯಂ ದೇಹದಲ್ಲಿ ಒಡೆಯುವುದಿಲ್ಲ, ಹಾಗೆಯೇ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಮೂತ್ರಪಿಂಡ ಅದನ್ನು ಸೋಡಿಯಂನಂತೆಯೇ ನೋಡುತ್ತದೆ. ದೇಹದಲ್ಲಿ ಉಪ್ಪು, ನೀರು ಕಡಿಮೆಯಾದಾಗ ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳುವ ಭರದಲ್ಲಿ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಗುಣ ಕೊಡುವ ಮಟ್ಟಕ್ಕೂ ವಿಷವಾಗುವ ಮಟ್ಟಕ್ಕೂ ಅಂತರ ಬಹಳ ಕಡಿಮೆ. ದೀರ್ಘಕಾಲ ತೆಗೆದುಕೊಳ್ಳುವವರಲ್ಲಿ ಸಾಮಾನ್ಯವಾಗಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇರುವಂತೆ ನೋಡಿಕೊಳ್ಳುತ್ತಾರೆ, 1.5 ದಾಟಿದರೆ ವಿಷದ ಲಕ್ಷಣಗಳು ತೊಡಗುತ್ತವೆ. ಕೈ ಜೋರಾಗಿ ನಡುಗುವುದು, ನಡಿಗೆ ತಪ್ಪುವುದು, ಮಾತು ತೊದಲುವುದು, ವಾಂತಿ, ಭೇದಿ ಕಂಡರೆ ಮುಂದಿನ ಮಾತ್ರೆ ನುಂಗದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ದಿನವಿಡೀ ಬೆವರುವವರು, ಉಪ್ಪಿಲ್ಲದ ವ್ರತ ಹಿಡಿಯುವವರು, ಏಕಾದಶಿಗೆ ನೀರನ್ನೂ ಮುಟ್ಟದವರು, ರಕ್ತದೊತ್ತಡವೆಂದು ಇದ್ದಕ್ಕಿದ್ದಂತೆ ಉಪ್ಪು ಬಿಡುವವರು ಈ ಕಾರಣದಿಂದ ಎಚ್ಚರವಾಗಿರಬೇಕು. ಉಪ್ಪು ಸಾಣಿಕಟ್ಟೆಯದೋ ಪೊಟ್ಟಣದ್ದೋ ಎಂಬುದು ಇಲ್ಲಿ ಮುಖ್ಯವಲ್ಲ, ದಿನದಿಂದ ದಿನಕ್ಕೆ ಪ್ರಮಾಣ ಏರುಪೇರಾಗದಿರುವುದು ಮುಖ್ಯ. ಗಂಜಿ, ಅಪ್ಪೆಹುಳಿ, ಮಜ್ಜಿಗೆ ಎಂದಿನಂತೆ ಇರಲಿ.

ಇನ್ನೊಂದು ಅಪಾಯ ನನ್ನ ಕೌಂಟರಿನಲ್ಲಿ ದಿನವೂ ಎದುರಾಗುವುದು. ಮೊಣಕಾಲು ನೋವೆಂದು ಚೀಟಿಯಿಲ್ಲದೆ ಡೈಕ್ಲೊಫೆನಾಕ್, ಐಬುಪ್ರೊಫೆನ್ ಕೇಳುತ್ತಾರೆ. ಇವು ಲಿಥಿಯಂ ಮಟ್ಟವನ್ನು ಏರಿಸುತ್ತವೆ. ರಕ್ತದೊತ್ತಡದ ಮಾತ್ರೆಗಳಲ್ಲಿ ಎನಲಾಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಬಗೆಯವು ಮತ್ತು ಥಯಾಜೈಡ್ ಮೂತ್ರವರ್ಧಕಗಳು ಕೂಡ ಹಾಗೆಯೇ. ನೋವು, ಜ್ವರಕ್ಕೆ ಪ್ಯಾರಸಿಟಮಾಲ್ ಆಗಬಹುದು. ಟ್ರಮಡಾಲ್ ಇರುವ ನೋವಿನ ಮಾತ್ರೆಗೆ ಮತ್ತೊಂದು ತೊಡಕಿದೆ. ಅದೂ ಸೆರಟೋನಿನ್ನಿನ ಪರಿಣಾಮವನ್ನು ಹೆಚ್ಚಿಸುವುದರಿಂದ, ಖಿನ್ನತೆಯ ಮಾತ್ರೆ ಮತ್ತು ಲಿಥಿಯಂ ಎರಡನ್ನೂ ತೆಗೆದುಕೊಳ್ಳುವವರಲ್ಲಿ ಅಪರೂಪಕ್ಕೆ ಸೆರಟೋನಿನ್ ಅತಿಯಾಗಿ ಜ್ವರ, ನಡುಕ, ಗೊಂದಲ ಉಂಟಾಗಬಹುದು. ಅಂಗಡಿಗೆ ಹೋದಾಗ ಲಿಥಿಯಂ ತೆಗೆದುಕೊಳ್ಳುತ್ತಿದ್ದೇನೆ ಎಂದು ಬಾಯಿಬಿಟ್ಟು ಹೇಳಿ. ನಾಚಿಕೊಳ್ಳುವ ವಿಷಯವೇ ಅಲ್ಲ ಅದು.

ಬೈತಕೋಲ, ಕಾರವಾರ

ನಾನೇ ಲಿಥಿಯಂ ತೆಗೆದುಕೊಳ್ಳುವವನು. ಇಲ್ಲಿಯವರೆಗೆ ಯಾರೂ ಹೇಳದ ಒಂದು ತೊಂದರೆ ನನ್ನದು: ಬಾಯಾರಿಕೆ. ಬಂದರಿನ ಕೆಲಸಕ್ಕೆ ಹೊರಡುವಾಗ ಎರಡು ದೊಡ್ಡ ಬಾಟಲಿ ನೀರು ಜೊತೆಗಿರಬೇಕು. ರಾತ್ರಿ ಮೂತ್ರಕ್ಕೆ ಮತ್ತೆ ಮತ್ತೆ ಏಳಬೇಕು, ನಿದ್ರೆ ಕೆಡುತ್ತದೆ, ನಿದ್ರೆ ಕೆಟ್ಟರೆ ನನ್ನಂಥವನಿಗೆ ಉನ್ಮಾದ ಮರುಕಳಿಸುವ ಭಯ. ಯಕ್ಷಗಾನದ ಹುಚ್ಚಿದ್ದವನು ಬೆಳಗಿನವರೆಗಿನ ಆಟ ನೋಡುವುದನ್ನು ಇದೇ ಕಾರಣಕ್ಕೆ ಬಿಟ್ಟಿದ್ದೇನೆ. ಸಕ್ಕರೆ ಕಾಯಿಲೆ ಇರಬಹುದೆಂದು ಮನೆಯವರು ಪರೀಕ್ಷೆ ಮಾಡಿಸಿದರು, ಸಕ್ಕರೆ ಸರಿಯಾಗಿಯೇ ಇದೆ. ನೀರು ಕುಡಿಯುವುದನ್ನು ಕಡಿಮೆ ಮಾಡಿದರೆ ಮೂತ್ರವೂ ಕಡಿಮೆಯಾಗುತ್ತದೆ ಎಂದು ನೆರೆಯವರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಅಘನಾಶಿನಿ, ಕುಮಟಾ

ಅಣ್ಣಾ, ದಯವಿಟ್ಟು ನೀರು ಕಡಿಮೆ ಮಾಡಬೇಡಿ. ಹೊನ್ನಾವರದವರು ಬರೆದದ್ದನ್ನು ಮತ್ತೊಮ್ಮೆ ಓದಿ: ನೀರು ಇಳಿದರೆ ಲಿಥಿಯಂ ಏರುತ್ತದೆ.

ನಿಮ್ಮದೂ ಹಾರ್ಮೋನಿಗೆ ಸಂಬಂಧಪಟ್ಟ ತೊಂದರೆಯೇ ಇರಬಹುದು, ಆದರೆ ಥೈರಾಯ್ಡಿಗಿಂತ ಬೇರೆ ರೀತಿಯದು. ಮಿದುಳಿನಿಂದ ಹೊರಡುವ ವ್ಯಾಸೊಪ್ರೆಸಿನ್ ಎಂಬ ಹಾರ್ಮೋನು ಮೂತ್ರಪಿಂಡಕ್ಕೆ ನೀರನ್ನು ಮರಳಿ ಹೀರಿಕೊಳ್ಳುವಂತೆ ಆಜ್ಞೆ ಕೊಡುತ್ತದೆ. ಥೈರಾಯ್ಡಿನಲ್ಲಿ ಲಿಥಿಯಂ ಹಾರ್ಮೋನಿನ ಬಿಡುಗಡೆಯನ್ನು ತಡೆದರೆ, ಇಲ್ಲಿ ಹಾರ್ಮೋನು ಸರಿಯಾಗಿ ಬಿಡುಗಡೆಯಾಗಿದ್ದರೂ ಮೂತ್ರಪಿಂಡ ಅದರ ಮಾತು ಕೇಳದ ಹಾಗೆ ಮಾಡುತ್ತದೆ. ನೀರು ಹೀರುವ ನಳಿಕೆಗಳ ಕೋಶಗಳಿಗೆ ಲಿಥಿಯಂ ಸೋಡಿಯಂನ ದ್ವಾರದಿಂದಲೇ ಒಳಸೇರಿ, ಆಕ್ವಾಪೊರಿನ್-2 ಎಂಬ ನೀರಿನ ಮಾರ್ಗಗಳನ್ನು ಕಡಿಮೆ ಮಾಡುತ್ತದೆ. ಪರಿಣಾಮವಾಗಿ ನೀರಿನಂಥ ಮೂತ್ರ ಲೀಟರುಗಟ್ಟಲೆ ಹೋಗುತ್ತದೆ. ಸಕ್ಕರೆಗೂ ಇದಕ್ಕೂ ಸಂಬಂಧವಿಲ್ಲ. ವೈದ್ಯರಿಗೆ ಹೇಳಿದರೆ ಅವರು ಲಿಥಿಯಂ ಮಟ್ಟ ಮತ್ತು ಕ್ರಿಯಾಟಿನಿನ್ ನೋಡಿ ಪ್ರಮಾಣ ತಗ್ಗಿಸಬಹುದು, ಎರಡು ಹೊತ್ತಿನ ಮಾತ್ರೆಯನ್ನು ರಾತ್ರಿ ಒಂದೇ ಹೊತ್ತಿಗೆ ಬದಲಿಸಬಹುದು, ಅಗತ್ಯಬಿದ್ದರೆ ಅಮಿಲೊರೈಡ್ ಎಂಬ ಮಾತ್ರೆ ಸೇರಿಸಬಹುದು. ಅಮಿಲೊರೈಡ್ ಮುಚ್ಚುವುದು ಲಿಥಿಯಂ ಒಳನುಸುಳುವ ಆ ದ್ವಾರವನ್ನೇ. ಬಾಯಾರಿಕೆಗೆ ತಂಪು ಪಾನೀಯದ ಬಾಟಲಿ ಬೇಡ, ತೂಕ ಏರುತ್ತದೆ. ಬರಿಯ ನೀರು ಸಾಕು.

ಅಕ್ಕ, ಯಲ್ಲಾಪುರ

ನನ್ನ ಮಗಳಿಗೆ ಲಿಥಿಯಂ ಒಗ್ಗದ ಕಾರಣ ವಾಲ್ಪ್ರೊಯೇಟ್ ಕೊಡುತ್ತಿದ್ದಾರೆ. ಮುಟ್ಟು ಏರುಪೇರಾಗಿದೆ, ಮುಖದಲ್ಲಿ ಕೂದಲು ಕಾಣಿಸುತ್ತಿದೆ. ಮುಂದಿನ ವರ್ಷ ಮದುವೆಯ ಮಾತುಕತೆಯಿದೆ. ಅದೂ ಹಾರ್ಮೋನಿಗೆ ತಾಗುತ್ತದೆಯೇ?

ಅಘನಾಶಿನಿ, ಕುಮಟಾ

ಅಕ್ಕಾ, ತಾಗುತ್ತದೆ, ಈ ವಿಷಯವನ್ನು ಮದುವೆಗೆ ಮುಂಚೆಯೇ ವೈದ್ಯರ ಬಳಿ ಮಾತಾಡಬೇಕು. ವಾಲ್ಪ್ರೊಯೇಟಿನ ದಾರಿಯೇ ಬೇರೆ. ಅದು ಗಾಬಾ ಎಂಬ ತಡೆಯುವ ಸಂದೇಶವಾಹಕವನ್ನು ಹೆಚ್ಚಿಸುತ್ತದೆ, ಸೋಡಿಯಂ ಮಾರ್ಗಗಳನ್ನು ಹತೋಟಿಯಲ್ಲಿಡುತ್ತದೆ. ಹೆಣ್ಣುಮಕ್ಕಳಲ್ಲಿ ಪುರುಷ ಹಾರ್ಮೋನು ಏರಿ, ಅಂಡಾಶಯದಲ್ಲಿ ನೀರುಗುಳ್ಳೆಗಳಾಗಿ, ಮುಟ್ಟು ಏರುಪೇರಾಗುವ ಸಾಧ್ಯತೆ ಅದರಿಂದ ಹೆಚ್ಚುತ್ತದೆ. ಅದಕ್ಕಿಂತ ಗಂಭೀರವಾದದ್ದು ಬಸಿರಿನ ವಿಷಯ. ತಾಯಿ ಈ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಸುಮಾರು 10 ಮಕ್ಕಳಲ್ಲಿ ಒಂದಕ್ಕೆ ಬೆನ್ನುಹುರಿಯ ದೋಷವೂ ಸೇರಿದಂತೆ ಹುಟ್ಟಿನ ನ್ಯೂನತೆ ಬರಬಹುದು, 10ರಲ್ಲಿ 3ರಿಂದ 4 ಮಕ್ಕಳ ಬೆಳವಣಿಗೆ ಮತ್ತು ಕಲಿಕೆಯಲ್ಲಿ ತೊಂದರೆ ಕಾಣಬಹುದು. ಆದ್ದರಿಂದಲೇ ಹೆರುವ ವಯಸ್ಸಿನವರಿಗೆ ಬೇರೆ ದಾರಿಯಿದ್ದರೆ ಇದನ್ನು ಕೊಡಬಾರದೆಂದು ಮಾರ್ಗಸೂಚಿಗಳು ಹೇಳುತ್ತವೆ. ಹಾಗೆಂದು ಹೆದರಿ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ, ಒಮ್ಮೆಲೇ ನಿಲ್ಲಿಸಿದರೆ ಕಾಯಿಲೆ ಮರಳಬಹುದು.

ಬದಲಿಗೆ ಲ್ಯಾಮೊಟ್ರಿಜಿನ್ ಬಂದರೆ ಅಲ್ಲಿ ಸಂಬಂಧ ತಿರುಗುಮುರುಗು: ಗರ್ಭನಿರೋಧಕ ಗುಳಿಗೆಯ ಈಸ್ಟ್ರೊಜೆನ್ ಹಾರ್ಮೋನು ಆ ಔಷಧದ ಮಟ್ಟವನ್ನು ಸುಮಾರು ಅರ್ಧಕ್ಕೆ ಇಳಿಸುತ್ತದೆ. ಕಾರ್ಬಮಜೆಪಿನ್ ಆದರೆ ಯಕೃತ್ತಿನ ಕಿಣ್ವಗಳನ್ನು ಚುರುಕುಗೊಳಿಸಿ ಗುಳಿಗೆಯನ್ನೇ ನಿಷ್ಫಲಗೊಳಿಸಬಹುದು. ವೈದ್ಯರ ಭೇಟಿ ತಡವಾಗುವಂತಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಅದು ಉಚಿತ, ಕನ್ನಡದಲ್ಲಿಯೇ ಮಾತಾಡಬಹುದು.

ತೋಟದಮನೆ, ಶಿರಸಿ

ಎಲ್ಲರಿಗೂ ಕೃತಜ್ಞತೆಗಳು. ಸೆರಟೋನಿನ್ ಪರೀಕ್ಷೆಯನ್ನು ಬಿಟ್ಟೆವು. ಒಂದು ಸಣ್ಣ ಸಂದೇಹ ಉಳಿದಿದೆ. ತಮ್ಮ ಬೆಳಗಿನ ಬಸ್ಸಿಗೆ ಹೊರಟು ಹುಬ್ಬಳ್ಳಿ ತಲುಪಿ, ಅಲ್ಲಿ ರಕ್ತ ಕೊಡುವಷ್ಟರಲ್ಲಿ ಕೆಲವೊಮ್ಮೆ ಮಧ್ಯಾಹ್ನವಾಗುತ್ತದೆ. ಕಳೆದ ಸಲ ಲಿಥಿಯಂ ಮಟ್ಟ ಕಡಿಮೆ ಬಂದಿತ್ತು. ಹೊತ್ತಿಗೂ ಅದಕ್ಕೂ ಸಂಬಂಧವಿದೆಯೇ?

ಔಷಧದಂಗಡಿ, ಹೊನ್ನಾವರ

ಇದೆ. ನಾವು ಹೇಳುವ 0.6, 1.0 ಎಂಬ ಅಂಕಿಗಳೆಲ್ಲ ಕೊನೆಯ ಮಾತ್ರೆ ನುಂಗಿ 12 ಗಂಟೆಗಳಾದ ಮೇಲೆ ತೆಗೆದ ರಕ್ತಕ್ಕೆ ಅನ್ವಯಿಸುವಂಥವು. ಹೊತ್ತು ಮೀರಿದಷ್ಟೂ ಅಂಕಿ ಇಳಿಯುತ್ತದೆ. ಬೇಗ ತೆಗೆದರೆ, ಅಥವಾ ಆ ದಿನದ ಬೆಳಗಿನ ಮಾತ್ರೆಯನ್ನು ನುಂಗಿ ಹೋದರೆ, ಇಲ್ಲದ ಏರಿಕೆ ಕಾಣುತ್ತದೆ. ರಾತ್ರಿ 9ಕ್ಕೆ ಮಾತ್ರೆ ತೆಗೆದುಕೊಂಡರೆ ಮರುದಿನ ಬೆಳಿಗ್ಗೆ 9ಕ್ಕೆ ರಕ್ತ ಕೊಡಬೇಕು, ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ನಂತರ. ಶಿರಸಿಯಲ್ಲಿಯೇ ಮಾದರಿ ಸಂಗ್ರಹಿಸಿ ಕಳಿಸುವ ಪ್ರಯೋಗಾಲಯವಿದ್ದರೆ ಮೊದಲೇ ಅಲ್ಲಿ ಕೊಟ್ಟು, ವರದಿ ಬಂದ ಮೇಲೆ ಹುಬ್ಬಳ್ಳಿಗೆ ಹೋಗಲಿ. ಒಂದು ವಿಷಯ ಮಾತ್ರ ಕೇಳಿ ಖಚಿತಪಡಿಸಿಕೊಳ್ಳಿ: ರಕ್ತ ಹೆಪ್ಪುಗಟ್ಟದಿರಲು ಲಿಥಿಯಂ ಹೆಪರಿನ್ ಸವರಿದ ಕೊಳವೆಗಳೂ ಬಳಕೆಯಲ್ಲಿವೆ, ಅದರಲ್ಲಿ ತೆಗೆದರೆ ಕೊಳವೆಯ ಲಿಥಿಯಂ ಕೂಡ ಲೆಕ್ಕಕ್ಕೆ ಸೇರಿ ವರದಿ ಕೆಡುತ್ತದೆ. ಚೀಟಿಯ ಮೇಲೆ ಮಾತ್ರೆ ನುಂಗಿದ ಹೊತ್ತು, ರಕ್ತ ಕೊಟ್ಟ ಹೊತ್ತು ಎರಡನ್ನೂ ಬರೆಸಿ.